ಅಕ್ಕನ ಅಳತೆಯ ನೂಲು

ಹುಳಿ ಬಂದ ಗಂಜಿಯ ವಾಸನೆಗೆ ನಾನು ಹಾಗೆ ಬೀದಿಯ ನಡುವೆ ನಿಂತುಬಿಡುತ್ತೇನೆಂದು ನನ್ನ ಮೊಮ್ಮಗಳಿಗೆ ಗೊತ್ತಿರಲಿಲ್ಲ. ನನ್ನ ತವರಾದ ಕುರಿಚಿಯಲ್ಲಿ ಈಗ ಎಲ್ಲಿ ನೋಡಿದರೂ ಕಬ್ಬಿಣ ಕರಗಿಸುವ ಶೆಡ್ಡುಗಳು, ಸುಟ್ಟ ಮರಳಿನ ವಾಸನೆ. ನೆಂಟರೊಬ್ಬರ ಮನೆಯ ಮದುವೆಗೆಂದು ಬಂದವಳು ಊಟ ಮುಗಿಸಿ ಹಿಂದಿನ ಬೀದಿಯಲ್ಲಿ ನಡೆದು ಬರುತ್ತಿದ್ದೆ. ಅಲ್ಲೊಂದು ಹಳೆಯ ಮನೆಯ ಮುಂದೆ ಇಬ್ಬರು ಮುದುಕರು ನೂಲಿನ ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಇಡೀ ಊರಿನಲ್ಲಿ ಉಳಿದಿದ್ದ ನೇಕಾರರು ಅವರಿಬ್ಬರೇ ಇರಬೇಕು.

"ಏನಜ್ಜಿ, ತಲೆ ಸುತ್ತು ಬಂತಾ?" ಎಂದು ಮೊಮ್ಮಗಳು ತೋಳು ಹಿಡಿದಳು.

ಇಲ್ಲ, ನಮ್ಮಕ್ಕ ಬಂದಳು ಎಂಬ ಮಾತು ಬಾಯಿಗೆ ಬಂದಿತ್ತು. ಹುಡುಗಿ ಹೆದರಿಕೊಂಡಾಳೆಂದು "ಹೂಂ, ಸ್ವಲ್ಪ" ಅಂದು ಸುಮ್ಮನಾದೆ.

ನಮ್ಮಕ್ಕ ಗೌರಿ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ, ನನಗೆ ಎರಡು. ಅವಳ ಮುಖ ನನಗೆ ನೆನಪಿಲ್ಲ. ಆದರೆ ನಾನು ಬೆಳೆದದ್ದು ಅವಳ ಬಟ್ಟೆ ಉಟ್ಟುಕೊಂಡು, ಅದೂ ಅವಳು ಸತ್ತ ಮೇಲೆ ಹೊಲಿದ ಬಟ್ಟೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮೂವತ್ತರ ದಶಕದಲ್ಲಿ ಕುರಿಚಿ ಕೆರೆಯ ಪಕ್ಕದ ಒಂದು ಹಳ್ಳಿ. ಗಾಳಿ ತಿರುಗಿದ ದಿನ ಕೋಯಮತ್ತೂರಿನ ಮಿಲ್ಲಿನ ಸಂಗು ನಮ್ಮ ಬಾಗಿಲ ತನಕ ಕೇಳಿಸುತ್ತಿತ್ತು; ಸೈರನ್ನಿಗೆ ಅಲ್ಲಿ ಸಂಗು ಅನ್ನುತ್ತಾರೆ. ನಮ್ಮ ಬೀದಿಯಲ್ಲಿದ್ದವರೆಲ್ಲ ಕನ್ನಡ ಮಾತಾಡುವ ನೇಕಾರರು. ಎಷ್ಟು ತಲೆಮಾರಿನ ಹಿಂದೆ ಬಂದರೆಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಕತೆ ಹೇಳುತ್ತಿದ್ದರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಜಗಳಕ್ಕೆ ಎರಡೂ. ಕನ್ನಡದ ಅಕ್ಷರ ಮಾತ್ರ ಬೀದಿಯಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ನಾನು ಅದನ್ನು ಕಲಿತದ್ದು ಕೊಳ್ಳೇಗಾಲಕ್ಕೆ ಮದುವೆಯಾಗಿ ಹೋದ ಮೇಲೆ, ನನ್ನ ಮಗಳ ಸ್ಲೇಟಿನ ಮೇಲೆ.

ಮದುವೆಯಾಗದೆ ಸತ್ತ ಹೆಣ್ಣುಮಗು ನಮ್ಮಲ್ಲಿ ಕನ್ನಿ. ಅವಳು ಮನೆ ಬಿಟ್ಟು ಹೋಗುವುದಿಲ್ಲ, ಮನೆಯನ್ನು ಕಾಯುತ್ತಾಳೆ ಎಂಬ ನಂಬಿಕೆ. ಪೊಂಗಲಿನ ಮರುದಿನ ಅವಳಿಗೆ ಹೊಸ ಪಾವಾಡೆ, ಅಂದರೆ ಲಂಗ, ಅದರ ಮೇಲೆ ಸಟ್ಟೆ ಎನ್ನುವ ಅಂಗಿ, ಬಳೆ, ಬಾಚಣಿಗೆ, ಹೂವು ಇಟ್ಟು ಸಿಹಿ ಅನ್ನದ ಎಡೆ ಹಾಕುತ್ತಾರೆ. ಆಮೇಲೆ ಬಟ್ಟೆಯನ್ನು ಓಲೆಬುಟ್ಟಿಯಲ್ಲಿಟ್ಟು ಒಳಕೋಣೆಯ ತೊಲೆಗೆ ತೂಗುಹಾಕುತ್ತಾರೆ. ವರ್ಷವಿಡೀ ಆ ಬಟ್ಟೆ ಅವಳದು. ಮುಂದಿನ ಪೊಂಗಲಿಗೆ ಹೊಸದು ಬುಟ್ಟಿಯೊಳಗೆ ಹೋಗುವಾಗ ಹಳೆಯದು ಕೆಳಗಿಳಿಯುತ್ತದೆ. ಅದನ್ನು ಮನೆಯ ಹೆಣ್ಣುಮಗು ಉಡಬೇಕು. ನಮ್ಮ ಮನೆಯಲ್ಲಿ ಇದ್ದ ಹೆಣ್ಣುಮಗು ನಾನೊಬ್ಬಳೇ.

ಬೇರೆ ಮನೆಗಳಲ್ಲಿ ಕನ್ನಿಯ ಬಟ್ಟೆ ಪ್ರತಿ ವರ್ಷವೂ ಒಂದೇ ಅಳತೆಯದು. ಐದರಲ್ಲಿ ಹೋದವಳಿಗೆ ಐದರದ್ದೇ ಪಾವಾಡೆ. ನಮ್ಮ ಅವ್ವ ಅದಕ್ಕೆ ಒಪ್ಪಲಿಲ್ಲವಂತೆ.

"ಕನ್ನಿ ಬೆಳೆಯೋದಿಲ್ಲ ಕಣಮ್ಮ. ಹೋದ ವಯಸ್ಸಲ್ಲೇ ನಿಂತಿರ್ತಾಳೆ" ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಹೇಳಿದ್ದಕ್ಕೆ ಅವ್ವ, "ನಿಮ್ಮ ಕನ್ನಿ ನಿಂತಿರಲಿ ಅತ್ತೆ. ನನ್ನ ಮಗ ಬೆಳೀತಾಳೆ" ಅಂದಳಂತೆ. ಹೆಣ್ಣುಮಕ್ಕಳನ್ನೂ ಪ್ರೀತಿಗೆ 'ಮಗ' ಅನ್ನುವುದು ನಮ್ಮ ಬೀದಿಯ ಮಾತು.

ಅಕ್ಕನಿಗೆ ಜ್ವರ ಬರುವ ಮುಂಚೆ, ಆ ಸಲದ ಪೊಂಗಲಿನ ಬಟ್ಟೆಗೆಂದು ಅವ್ವ ಅವಳ ಅಳತೆ ತೆಗೆದಿದ್ದಳು. ಟೇಪು ಯಾರ ಮನೆಯಲ್ಲೂ ಇರಲಿಲ್ಲ. ನೂಲು ಸುತ್ತಿ ಗಂಟು ಹಾಕುವುದೇ ಅಳತೆ. ನಾಲ್ಕು ಎಳೆ. ಸಟ್ಟೆಯ ಕತ್ತು ತಲೆಯಿಂದ ಇಳಿಯಬೇಕಾದ್ದರಿಂದ ತಲೆಯ ಸುತ್ತಿಗೆ ಒಂದು, ಭುಜದಿಂದ ಭುಜಕ್ಕೆ ಒಂದು, ಸೊಂಟಕ್ಕೆ ಒಂದು, ಸೊಂಟದಿಂದ ಹಿಮ್ಮಡಿಯ ತನಕ ಒಂದು. ನಾಲ್ಕನ್ನೂ ಒಂದು ತುದಿಯಲ್ಲಿ ಸೇರಿಸಿ ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದಳು. ಬಟ್ಟೆಗೆ ಕತ್ತರಿ ಹಾಕುವ ಮೊದಲೇ ಮಗು ಹೋಯಿತು, ನೂಲು ಉಳಿಯಿತು. ಆಮೇಲೆ ಪ್ರತಿ ಪೊಂಗಲಿಗೂ ಅವ್ವ ಆ ನಾಲ್ಕು ಎಳೆಗಳಲ್ಲೂ ಹಳೆಯ ಗಂಟಿನಿಂದ ಒಂದು ಬೆರಳಗಲ ಮುಂದೆ ಹೊಸ ಗಂಟು ಹಾಕುತ್ತ ಬಂದಳು. ಎಲ್ಲ ಎಳೆಗೂ ಒಂದೇ ಬೆರಳು. ಬಟ್ಟೆಯನ್ನು ದೊಡ್ಡದು ಮಾಡಬೇಕಾದರೆ ಉದ್ದಕ್ಕೂ ಅಗಲಕ್ಕೂ ನೂಲು ಸೇರಿಸುತ್ತೇವಲ್ಲ, ಮಗುವೂ ಹಾಗೇ ಎಂದು ಅವಳ ಲೆಕ್ಕ. ಮಗ್ಗದ ಮನೆಯಲ್ಲಿ ಹುಟ್ಟಿ ಮಗ್ಗದ ಮನೆಗೇ ಸೊಸೆಯಾಗಿ ಬಂದವಳಿಗೆ ಬೇರೆ ಲೆಕ್ಕ ಎಲ್ಲಿಂದ ಬರಬೇಕು?

ನಾನು ಹೇಳಹೊರಟ ವರ್ಷ ನನಗೆ ಹನ್ನೆರಡು. ಪೊಂಗಲಿನ ಮರುದಿನ ಬುಟ್ಟಿಯಿಂದ ಇಳಿದು ಬಂದ ಸಟ್ಟೆಯನ್ನು ತಲೆಗೆ ಹಾಕಿಕೊಂಡೆ. ಅದು ತಲೆಗೆ ತಾಗಲೇ ಇಲ್ಲ. ಒಂದೇ ಸಲಕ್ಕೆ ಭುಜದ ಮೇಲೆ ಬಿದ್ದು, ಅಲ್ಲಿಯೂ ನಿಲ್ಲದೆ ಒಂದು ಪಕ್ಕ ತೋಳಿಗೆ ಜಾರಿತು. ಪಾವಾಡೆ ಮಾತ್ರ ಮೊಣಕಾಲಿನಿಂದ ತುಸು ಕೆಳಗೆ ಬಂದು, ಇನ್ನು ನನ್ನಿಂದಾಗದು ಎಂಬಂತೆ ನಿಂತುಬಿಟ್ಟಿತು. ಹಿಂದಿನ ವರ್ಷಗಳಲ್ಲೂ ಬಟ್ಟೆ ದೊಗಲೆಯಾಗುತ್ತಿತ್ತು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ಅದಕ್ಕೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮೇಲೆ ದೊಗಲೆ, ಕೆಳಗೆ ಗಿಡ್ಡ ಎಂದರೆ ಅದಕ್ಕೆ ಯಾವ ಸಮಾಧಾನವೂ ಹೊಳೆಯಲಿಲ್ಲ.

"ಕತ್ತನ್ನು ಸ್ವಲ್ಪ ಹಿಡಿದು ಹೊಲಿದು ಕೊಡವ್ವ" ಅಂದೆ.

"ಅಕ್ಕನ ಬಟ್ಟೆಗೆ ಕತ್ತರಿ ತಾಗಿಸಬಾರದು ಸಾಮಿ" ಎಂದು ಅವ್ವ ಬೆನ್ನ ಹಿಂದೆ ಒಂದು ಹಿಡಿ ಬಟ್ಟೆ ಸೇರಿಸಿ ದಾರದಿಂದ ಬಿಗಿದು ಕಟ್ಟಿದಳು. ನಾನು ಅವಳ ಮಡಿಲ ಹತ್ತಿರವೇ ನಿಂತಿದ್ದೆ, ಅವಳ ಕಣ್ಣು ತೊಲೆಯ ಬುಟ್ಟಿಯ ಮೇಲಿತ್ತು.

ಬಾವಿಯ ಹತ್ತಿರ ತಮಿಳರ ಹುಡುಗಿಯರು ನನ್ನ ಬೆನ್ನಿನ ಗಂಟು ನೋಡಿ ನಕ್ಕರು. "ಯಾರೋಡ ಸಟ್ಟೈ ಡೀ ಅದು? ಉನಕ್ಕುಳ್ಳೆ ಇನ್ನೊರುತ್ತಿ ಇರುಕ್ಕಾಳಾ?" ಎಂದು ಒಬ್ಬಳು ಕೇಳಿದಳು. ಯಾರ ಸಟ್ಟೆಯೇ ಅದು, ನಿನ್ನೊಳಗೆ ಇನ್ನೊಬ್ಬಳಿದ್ದಾಳಾ ಎಂದು. ಅವಳು ತಮಾಷೆಗೆ ಕೇಳಿದ್ದು. ನಾನು ಕೊಡವನ್ನು ಅರ್ಧಕ್ಕೇ ಎತ್ತಿಕೊಂಡು ಮನೆಗೆ ಬಂದೆ.

ಅಂದಿನಿಂದ ಬಟ್ಟೆಯನ್ನು ನೋಡಿ ಮೈಯನ್ನು ಊಹಿಸುವ ಒಂದು ಹುಚ್ಚು ನನಗೆ ಹತ್ತಿತು. ಈ ಕತ್ತು ಸರಿಹೋಗಬೇಕಾದರೆ ತಲೆ ನೀರಿನ ಕೊಡದಷ್ಟು ಇರಬೇಕು. ಭುಜ ಅಪ್ಪನ ಭುಜದಷ್ಟು. ಕಾಲು ಮಾತ್ರ ಗಿಡ್ಡ. ನಾಲ್ಕು ವರ್ಷದ ಮಗುವನ್ನು ಆಕಾರ ಬದಲಿಸದೆ ಹಾಗೇ ಹಿಗ್ಗಿಸಿದರೆ ಹೇಗಿರುತ್ತದೋ ಹಾಗೆ. ಪುಟ್ಟ ಮಕ್ಕಳು ಎರಡೂ ಕೈ ಮೇಲೆತ್ತಿದರೆ ತಲೆಯ ಮೇಲೆ ಬೆರಳು ಸೇರುವುದಿಲ್ಲ, ನೋಡಿದ್ದೀರಲ್ಲ. ನಮ್ಮಕ್ಕನಿಗೂ ಸೇರುತ್ತಿರಲಿಲ್ಲ. ಒಳಕೋಣೆಯಲ್ಲಿ ಆ ಬುಟ್ಟಿಯ ಕೆಳಗೆ ಅವಳು ಕೈಯೆತ್ತಿ ನಿಂತು, ತನ್ನ ಬಟ್ಟೆ ಎಟುಕದೆ, ತೋಳಿನಿಂದ ಕಿವಿಯನ್ನು ಉಜ್ಜಿಕೊಳ್ಳುತ್ತಿರುವುದು ನನಗೆ ಕಾಣುತ್ತಿತ್ತು. ಒಳಕೋಣೆಗೆ ಹೋಗಬೇಕಾದಾಗಲೆಲ್ಲ ನಾನು ನೆಲ ನೋಡಿಕೊಂಡು ಹೋಗುತ್ತಿದ್ದೆ.

ಆ ವರ್ಷ ನನಗೆ ಬೇಕಾಗಿದ್ದದ್ದು ಒಂದೇ. ಅವ್ವ ನನ್ನನ್ನು ಎದುರಿಗೆ ನಿಲ್ಲಿಸಿ, ನೂಲು ಹಿಡಿದು, ನನ್ನ ಮೈಯ ಅಳತೆ ತೆಗೆಯಬೇಕು. ಬಟ್ಟೆಯ ಆಸೆಗಿಂತ ಅದರ ಆಸೆಯೇ ದೊಡ್ಡದಾಗಿತ್ತು.

ಆಡಿ ತಿಂಗಳು, ಅಂದರೆ ಆಷಾಢ, ಬಂತು. ಪಾಲಕ್ಕಾಡಿನ ಕಣಿವೆಯಿಂದ ಗಾಳಿ ನುಗ್ಗಿ ಬಂದು ಬೀದಿಯಲ್ಲಿ ಕಟ್ಟಿದ ಹಾಸನ್ನೆಲ್ಲ ಬಿಲ್ಲಿನಂತೆ ಬಗ್ಗಿಸುವ ಕಾಲ. ಅಪ್ಪನ ಹಿಮ್ಮಡಿಯಲ್ಲಿ ಕೀವು ಕಟ್ಟಿ ಮಗ್ಗದ ಹಲಗೆ ತುಳಿಯಲಾಗದೆ ಹೋಯಿತು. ನಮ್ಮದು ಗುಂಡಿಮಗ್ಗ, ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುವುದು. ಹಿಂದಿನ ವರ್ಷ ಆಟಕ್ಕೆಂದು ಕೂತಾಗ ನನ್ನ ಬೆರಳ ತುದಿಯೂ ಹಲಗೆಗೆ ಸಿಕ್ಕಿರಲಿಲ್ಲ. ಈಗ ಅಪ್ಪ ಕೂರಿಸಿದರೆ ಪಾದ ಪೂರ್ತಿ ಕೂತಿತು, ಮೇಲಾಗಿ ಮಂಡಿ ಮೇಲಿನ ಮರಕ್ಕೆ ಬಡಿಯಿತು. ಕೂತಾಗ ತಲೆ ಮಾತ್ರ ಹೋದ ವರ್ಷದ ಎತ್ತರದಲ್ಲೇ ಇತ್ತು. ಬೆಳೆದದ್ದು ಕಾಲು ಒಂದೇ, ಅದೂ ನನಗೆ ತಿಳಿಯದ ಹಾಗೆ.

"ಇದೇನಪ್ಪಾ, ಕಾಲು ಹಿಂಗೆ ಓಡ್ಬಿಟ್ಟಿದೆ" ಎಂದು ಅಪ್ಪ ನಕ್ಕ.

ಅಜ್ಜಿ ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಕರು ಹುಟ್ಟುವಾಗ್ಲೇ ಕಾಲು ತಂದಿರ್ತದೆ. ಮನುಷ್ಯ ಬರೀ ತಲೆ ತರ್ತಾನೆ. ಕಾಲು ಆಮೇಲೆ ಬರೋದು, ನೆಂಟ್ರು ಬಂದಂಗೆ, ಹೇಳದೆ ಕೇಳದೆ."

ಅವ್ವ ಒಲೆಯ ಮುಂದೆ ಗಂಜಿ ಕಾಯಿಸುತ್ತಿದ್ದಳು. ಅವಳು ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ನನ್ನ ಕಾಲು ಬೆಳೆಯುವುದು ಅವಳಿಗೆ ಇಷ್ಟವಿಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಅವಳ ನೂಲಿನ ಗಂಟುಗಳು ಹೇಳಿದ ಹಾಗೆ ಕೇಳುವ ಮಗಳು ಬುಟ್ಟಿಯಲ್ಲಿದ್ದಳು. ನಾನು ಹೇಳದೆ ಕೇಳದೆ ಬೆಳೆಯುತ್ತಿದ್ದೆ.

ಆ ಗಾಳಿಯ ದಿನಗಳಲ್ಲಿ ನಾನು ನೇಯುವುದನ್ನು ಕಲಿತೆ. ಕೈ ಲಾಳಿಯನ್ನು ಎಸೆದು ಹಿಡಿಯಲು ಕಲಿಯುವ ಮೊದಲೇ ಕಾಲು ತನ್ನ ಕೆಲಸ ಕಲಿತುಬಿಟ್ಟಿತ್ತು. ಉದ್ದವಾದ ಕಾಲಿಗೂ ಚಿಕ್ಕದಾಗಿಯೇ ಉಳಿದ ಮೈಗೂ ಹೊಂದಿಕೆಯಾಗದೆ ನಾನು ನಡೆಯುವಾಗ ಎಡವುತ್ತಿದ್ದೆ, ಕೊಡ ಇಳಿಸುವಾಗ ಚೆಲ್ಲುತ್ತಿದ್ದೆ. ಮಗ್ಗದ ಗುಂಡಿಯೊಳಗೆ ಮಾತ್ರ ಎಲ್ಲವೂ ಸರಿಯಿತ್ತು. ಅಪ್ಪ ಗೋಡೆಗೊರಗಿ ಕೂತು, "ಆಮಾ, ಹಂಗೇ, ಹಂಗೇ" ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಅವ್ವನನ್ನು ಕೇಳಿದೆ. "ಈ ಸಲ ಪೊಂಗಲಿಗೆ ನನ್ನ ಅಳತೆ ತೆಗೀತೀಯಾ?"

"ನಿಂಗೆ ಬಟ್ಟೆ ಇಲ್ವಾ?"

"ಅದು ನನ್ನದಲ್ಲವಲ್ಲ."

"ನಿಂಗೆ ಅಪ್ಪ ಇದ್ದಾನೆ, ಅಜ್ಜಿ ಇದ್ದಾಳೆ. ಬಾವಿಗೆ ಹೋಗ್ತೀಯ, ಬೀದೀಲಿ ಆಡ್ತೀಯ. ಅವಳಿಗೆ ಇರೋದು ವರ್ಷಕ್ಕೊಂದು ಪಾವಾಡೆ ತಾನೆ ಕಣ್ಣು" ಅಂದಳು. ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ. ಮುದ್ದಿನಿಂದ ಕಣ್ಣು ಎಂದು ಕರೆದು ಹೇಳಿದ್ದರಿಂದ ಬಾಯಿ ಕಟ್ಟಿತು. ಹೊಟ್ಟೆಕಿಚ್ಚಾಯಿತು ಎಂದು ಈಗ ನೇರವಾಗಿಯೇ ಹೇಳುತ್ತೇನೆ. ಬದುಕಿರುವವರ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಜಗಳವಾಡಿ ತೀರಿಸಿಕೊಳ್ಳಬಹುದು, ಇದಕ್ಕೆ ಆ ದಾರಿಯೂ ಇರಲಿಲ್ಲ.

ಐಪ್ಪಸಿಯಲ್ಲಿ, ದೀಪಾವಳಿಯ ಹೊತ್ತಿಗೆ, ಮಳೆ ಹಿಡಿಯಿತು. ನೇಕಾರರಿಗೆ ಅದು ಕೆಟ್ಟ ಕಾಲ. ಹಾಸಿನ ನೂಲಿಗೆ ಹಚ್ಚಿದ ಗಂಜಿ ಒಣಗುವುದಿಲ್ಲ, ಹುಳಿಯುತ್ತದೆ. ಮಗ್ಗದ ಗುಂಡಿಯಲ್ಲಿ ನೀರು ಒಸರುತ್ತದೆ. ಮನೆಯೆಲ್ಲ ಹುಳಿ ವಾಸನೆ. ಒಗೆಯದ ಹೊಸ ಬಟ್ಟೆ ವರ್ಷವಿಡೀ ಬುಟ್ಟಿಯಲ್ಲಿದ್ದರೂ ಅದೇ ವಾಸನೆ ಬರುತ್ತಿತ್ತು. ನನ್ನ ಪಾಲಿಗೆ ಅದು ಅಕ್ಕನ ಮೈಯ ವಾಸನೆ.

ಒಂದು ಸಂಜೆ ಅಪ್ಪ, ಅವ್ವ, ಅಜ್ಜಿ ಮೂವರೂ ಪಕ್ಕದ ಮನೆಯ ಗೋಡೆ ಕುಸಿಯಿತೆಂದು ನೋಡಲು ಹೋಗಿದ್ದರು. ನಾನು ದೀಪ ಹಚ್ಚಲೆಂದು ಮಗ್ಗದ ಕೋಣೆಗೆ ಬಂದೆ. ಗುಂಡಿಯ ಅಂಚಿನಲ್ಲಿ ಅವಳು ಕೂತಿದ್ದಳು. ದೊಡ್ಡ ತಲೆ ಒಂದು ಕಡೆ ವಾಲಿತ್ತು. ಅಗಲವಾದ ಭುಜದ ಕೆಳಗೆ ಪಾವಾಡೆ ಇಳಿಬಿದ್ದು, ಗುಂಡಿಯ ಹಲಗೆ ಮುಟ್ಟುವ ಮುಂಚೆಯೇ ಮುಗಿದುಹೋಗಿತ್ತು. ಅವಳಿಗೆ ಕಾಲು ಎಟುಕುತ್ತಿರಲಿಲ್ಲ.

ನಾನು ಓಡಲಿಲ್ಲ, ಕೂಗಲೂ ಇಲ್ಲ. ಬಾಯಿಂದ ಬಂದದ್ದು ಒಂದೇ ಮಾತು: "ಅಕ್ಕಾ, ಕಾಲು ಎಟುಕಲ್ವಾ?"

ಆಮೇಲೆ ಕಣ್ಣು ಕತ್ತಲೆಗೆ ಒಗ್ಗಿತು. ಬೆಳಿಗ್ಗೆ ನಾನೇ ಮಗ್ಗದ ಮೇಲಿನ ಬಿದಿರಿಗೆ ಒಣಗಲು ಹಾಕಿದ ಸಟ್ಟೆ, ಪಾವಾಡೆ. ಅದರ ಹಿಂದಿನ ಗೂಡಿನಲ್ಲಿ ಗಂಜಿಯ ಮಡಕೆ. ಮಡಕೆ ಸರಿಯಾಗಿ ಕತ್ತಿನ ಮೇಲಕ್ಕೆ ಬಂದಿತ್ತು. ಇಷ್ಟು ತಿಳಿದ ಮೇಲೂ ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಹೆದರಿಕೆಯ ಜೊತೆಗೆ ಆವತ್ತು ಮೊದಲ ಸಲ ಅವಳ ಮೇಲೆ ಅಯ್ಯೋ ಅನ್ನಿಸಿತು. ನನಗೆ ಹೇಳದೆ ಕೇಳದೆ ಬಂದ ಕಾಲು ಅವಳಿಗೆ ಬಂದಿರಲಿಲ್ಲ. ತಲೆ ಹೊತ್ತುಕೊಂಡು ಕೂತೇ ಇದ್ದಳು, ಪಾಪ. ಮರುದಿನದಿಂದ ನಾನು ಆ ಬಟ್ಟೆ ಹಾಕುವುದನ್ನು ಬಿಟ್ಟು ಅವ್ವನ ಹಳೆಯ ಸೀರೆಯ ತುಂಡನ್ನು ಸುತ್ತಿಕೊಂಡೆ. ಅವ್ವ ಏಕೆಂದು ಕೇಳಲಿಲ್ಲ. ಪಾವಾಡೆಯನ್ನು ಮಡಿಸಿ ಎತ್ತಿಟ್ಟಳು.

ಮಾರ್ಗಳಿಯ, ಅಂದರೆ ಧನುರ್ಮಾಸದ, ಮಂಜು ಬೀಳತೊಡಗಿದಾಗ ಕುನ್ನತ್ತೂರಿನಿಂದ ಚಿಕ್ಕವ್ವ ಬಂದಳು. ಅವ್ವನ ತಂಗಿ. ಅವಳ ಜೊತೆಗೆ ಮಗಳು ಪೊನ್ನಿ. ಪೊನ್ನಿಗೆ ಆಗ ನಾಲ್ಕು ವರ್ಷ. ಅವಳನ್ನು ಕಂಡರೆ ಅವ್ವ ಒಮ್ಮೆ ಎತ್ತಿ ಮುದ್ದಾಡುತ್ತಿದ್ದಳು, ಇನ್ನೊಮ್ಮೆ ಏನೋ ಕೆಲಸ ನೆನಪಾದವಳಂತೆ ಎದ್ದು ಹೋಗುತ್ತಿದ್ದಳು.

ಪೊಂಗಲ್ ಹತ್ತಿರವಾಗಿತ್ತು. ಅವ್ವ ಗೂಡಿನಿಂದ ಅಕ್ಕನ ನೂಲನ್ನು ತೆಗೆದು ಬಾಗಿಲ ಬೆಳಕಿನಲ್ಲಿ ಕೂತು, ಒಂದೊಂದು ಎಳೆಗೂ ಆ ವರ್ಷದ ಗಂಟು ಹಾಕುತ್ತಿದ್ದಳು. ಪೊನ್ನಿ ಮೆಲ್ಲನೆ ಬಂದವಳು ನೂಲನ್ನು ಎಳೆದುಕೊಂಡು ಹೂವಿನ ದಂಡೆಯ ಹಾಗೆ ತಲೆಗೆ ಸುತ್ತಿಕೊಂಡಳು. ಆ ನೂಲನ್ನು ನಾವು ಯಾರೂ ಮುಟ್ಟುತ್ತಿರಲಿಲ್ಲ. ಅವ್ವ ಬೈಯಲಿಲ್ಲ. ಹುಡುಗಿಯ ತಲೆಗೆ ನೂಲನ್ನು ತಾನೇ ಸರಿಯಾಗಿ ಸುತ್ತಿದಳು. ತುದಿ ಬಂದು ಕೂತದ್ದು ಎಲ್ಲಕ್ಕಿಂತ ಮೊದಲ ಗಂಟಿನ ಮೇಲೆ, ಜ್ವರಕ್ಕೆ ಮುಂಚೆ ಅಕ್ಕನ ತಲೆಯ ಸುತ್ತ ಹಾಕಿದ ಆ ಗಂಟಿನ ಮೇಲೆ.

"ನೋಡಕ್ಕಾ, ಗೌರಿ ತಲೆ ಹೆಂಗಿತ್ತೋ ಹಂಗೇ ಐತೆ ಇವಳ್ದು" ಎಂದು ಚಿಕ್ಕವ್ವ ಮೆಲ್ಲಗೆ ಅಂದಳು.

ಅವ್ವನ ಕಣ್ಣು ತುಂಬಿತು. ಒಳ್ಳೆಯದಕ್ಕೇ ತುಂಬಿದ್ದು. ಪೊನ್ನಿಯ ಭುಜಕ್ಕೆ, ಸೊಂಟಕ್ಕೆ, ಕಾಲಿಗೆ ಒಂದೊಂದಾಗಿ ಎಳೆ ಹಿಡಿದು ನೋಡಿದಳು. ಎಲ್ಲ ಎಳೆಯೂ ಮೊದಲ ಗಂಟಿನ ಆಸುಪಾಸಿನಲ್ಲೇ ನಿಂತವು. ಅಷ್ಟು ವರ್ಷಗಳಲ್ಲಿ ಅವಳು ಅಷ್ಟು ನೆಮ್ಮದಿಯಾಗಿ ಕೂತದ್ದನ್ನು ನಾನು ಕಂಡಿರಲಿಲ್ಲ.

ಆಗ ಅಜ್ಜಿ ರಾಟೆ ನಿಲ್ಲಿಸಿದಳು. "ನಂಜಿಗೂ ಒಂದ್ಸಲ ಹಿಡಿದು ನೋಡು" ಅಂದಳು. ನಂಜಿ ಅಂದರೆ ನಾನು.

ಅವ್ವ ಏನನ್ನು ನೆನೆದುಕೊಂಡು ಒಪ್ಪಿದಳೋ ಗೊತ್ತಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು ತಲೆಗೆ ಎಳೆ ಸುತ್ತಿದಳು. ಗಂಟುಗಳ ಸಾಲಿನ ಕೊನೆಗೆ ಬಂದೀತೆಂದು ಅವಳ ಬೆರಳು ಕೊನೆಯಲ್ಲೇ ಕಾಯುತ್ತಿತ್ತು. ನೂಲು ಅಲ್ಲಿಗೆ ಬರಲಿಲ್ಲ. ಎರಡನೆಯ ಗಂಟನ್ನು ದಾಟಿ ಸ್ವಲ್ಪದರಲ್ಲೇ ನನ್ನ ತಲೆ ಮುಗಿದುಹೋಗಿತ್ತು. ಅವ್ವ ನೂಲು ಜಾರಿತೆಂದುಕೊಂಡು ಮತ್ತೆ ಸುತ್ತಿದಳು. ಮತ್ತೆ ಅಲ್ಲೇ. ಪೊನ್ನಿಯನ್ನು ಹತ್ತಿರಕ್ಕೆ ಎಳೆದು ಅವಳಿಗೆ ಸುತ್ತಿದಳು, ಪುನಃ ನನಗೆ. ನಾಲ್ಕು ವರ್ಷದ ತಲೆಗೂ ಹನ್ನೆರಡು ವರ್ಷದ ತಲೆಗೂ ನಡುವೆ ಎರಡು ಬೆರಳಿನ ವ್ಯತ್ಯಾಸವೂ ಇರಲಿಲ್ಲ.

"ಎದ್ದು ನಿಲ್ಲು" ಅಂದಳು. ಕಾಲಿನ ಎಳೆಯನ್ನು ಸೊಂಟಕ್ಕೆ ಹಿಡಿದು ಕೆಳಗೆ ಬಿಟ್ಟಳು. ಆಗ ತಾನೇ ಹಾಕಿದ ಹೊಸ ಗಂಟು, ಹದಿನಾಲ್ಕು ವರ್ಷದ ಅಕ್ಕನ ಗಂಟು, ಹನ್ನೆರಡು ವರ್ಷದ ನನ್ನ ಮೊಣಕಾಲನ್ನು ದಾಟಿ ಸ್ವಲ್ಪ ಕೆಳಗೆ ತೂಗಾಡಿತು. ಅಲ್ಲಿಂದ ಹಿಮ್ಮಡಿಗೆ ಇನ್ನೂ ಒಂದು ಗೇಣಿತ್ತು.

ಪೊನ್ನಿ ನೂಲು ಬೇಕೆಂದು ರಚ್ಚೆ ಹಿಡಿದಿದ್ದಳು.

"ತಲೆ ಬೆಳೆಯೋದೇ ಇಲ್ವಾ ಅತ್ತೆ?" ಎಂದು ಅವ್ವ ಕೇಳಿದಳು. ದನಿ ತೀರ ಸಣ್ಣದಾಗಿತ್ತು.

"ಅದು ಮೊದಲೇ ಬೆಳ್ಕೊಂಡು ಬಂದಿರ್ತದಮ್ಮ. ಉಳಿದದ್ದೆಲ್ಲ ಅದನ್ನ ಹಿಡಿಯಕ್ಕೆ ಓಡ್ತಿರ್ತದೆ, ಅಷ್ಟೇ."

"ಇಷ್ಟು ವರ್ಷ ನಾನು ಯಾರಿಗೆ ಹೊಲಿದೆ?"

ಅವ್ವ ನೂಲನ್ನು ಮಡಿಲಲ್ಲಿ ಇಟ್ಟುಕೊಂಡು ತನಗೆ ತಾನೇ ಹೇಳಿಕೊಂಡಳು. "ಪ್ರತಿ ಪೊಂಗಲಿಗೂ ಬಂದಿರ್ತಾಳೆ. ಹಾಕ್ಕೊಂಡು ನೋಡಿರ್ತಾಳೆ. ಸಟ್ಟೆ ಜಾರ್ತದೆ, ಪಾವಾಡೆ ಸಾಲ್ದು. ಯಾರದ್ದೋ ಬಟ್ಟೆ ಅಂದ್ಕೊಂಡು ವಾಪಸ್ ಹೋಗಿರ್ತಾಳೆ. ಅವ್ವಂಗೆ ನನ್ನ ಗುರುತೇ ಇಲ್ಲ ಅಂದ್ಕೊಂಡಿರ್ತಾಳೆ."

ಅವಳು ಹೇಳುತ್ತಿ‌ದ್ದದ್ದು ಒಂದೊಂದೂ ನನಗಾದದ್ದು. ಜಾರಿದ ಸಟ್ಟೆ ನನ್ನ ಭುಜದಿಂದ ಜಾರಿತ್ತು, ಸಾಲದ ಪಾವಾಡೆ ನನ್ನ ಕಾಲಿಗೆ ಸಾಲದೆ ಹೋಗಿತ್ತು. ಅವ್ವನಿಗೆ ನನ್ನ ಗುರುತೇ ಇಲ್ಲ ಎಂದುಕೊಂಡವಳೂ ನಾನೇ. ಬಾಯಿಬಿಟ್ಟು ಹೇಳಬೇಕೆಂದಿದ್ದೆ. ಅವಳ ಮುಖ ನೋಡಿ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ರಾಟೆಯಿಂದ ಹೊಸ ನೂಲು ಹರಿದುಕೊಂಡು ಬಂದು, "ಬಾ ನಂಜಿ, ನಿಲ್ಲು" ಅಂದಳು. ವರ್ಷವೆಲ್ಲ ನಾನು ಕಾದದ್ದು ಇದಕ್ಕೇ. ತಲೆಗೆ ಸುತ್ತಿದಳು, ಹಣೆಯ ಮೇಲೆ ಬೆರಳಿಟ್ಟು ಗಂಟು ಹಾಕಿದಳು. ಭುಜದ ಮೂಳೆಯನ್ನು ತಡಕಿ ಹುಡುಕಿ ಇನ್ನೊಂದು. ಸೊಂಟಕ್ಕೆ ಕೈ ಸುತ್ತಿದಾಗ ಅವಳ ಕೆನ್ನೆ ನನ್ನ ಹೊಟ್ಟೆಗೆ ತಾಗಿತು. ಕೊನೆಗೆ ನೆಲದ ಮೇಲೆ ಕೂತು ಕಾಲಿನುದ್ದಕ್ಕೂ ನೂಲು ಇಳಿಸಿ, ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಹಾಗೇ ಇದ್ದಳು.

"ಎಷ್ಟು ಬೆಳೆದ್ಬಿಟ್ಟಿದೀಯ ಮಗ" ಅಂದಳು.

ಅದು ಯಾರಿಗೆ ಹೇಳಿದ ಮಾತು ಎಂದು ನಾನು ಕೇಳಲಿಲ್ಲ. ನೂಲು ನನ್ನ ಮೈಯ ಅಳತೆಯದು, ಬಟ್ಟೆ ಅಕ್ಕನಿಗೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಕ್ಕನ ದೊಡ್ಡ ತಲೆ, ಗಿಡ್ಡ ಕಾಲು ಆವತ್ತಿಗೆ ಹೋಯಿತು. ಇನ್ನು ಮುಂದೆ ಅವಳಿಗೆ ನನ್ನ ಮೈ. ಅವ್ವ ಅದನ್ನು ನೂಲಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು, ನಾನು ಬಾಗಿಲ ಬೆಳಕಿನಲ್ಲಿ ನಿಂತೇ ಇದ್ದೆ.

ಆ ಸಲದ ಬಟ್ಟೆಯನ್ನು ನೇಯ್ದದ್ದು ನಾನೇ. ಅಪ್ಪನ ಕಾಲು ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು. ಅವ್ವ ಹೊಲಿಯುವಾಗ ಯಾರನ್ನೂ ಹತ್ತಿರ ಸೇರಿಸಲಿಲ್ಲ. ಪೊಂಗಲಿನ ಮರುದಿನ ಅದನ್ನು ಎಡೆಯ ಮುಂದೆ ಬಿಚ್ಚಿ ಹಾಸದೆ, ಮಡಿಸಿಯೇ ಇಟ್ಟು, ಮಡಿಸಿಯೇ ಬುಟ್ಟಿಯಲ್ಲಿಟ್ಟಳು. ಅಪ್ಪ ಬುಟ್ಟಿಯನ್ನು ತೊಲೆಗೆ ಕಟ್ಟಿದ. ಕೆಳಗಿಳಿದ ಹಳೆಯ ಬಟ್ಟೆಯನ್ನು ನಾನು ಉಡಬೇಕಾಗಿತ್ತು. ಅವ್ವ ಅದನ್ನು ನನ್ನ ಕೈಗೆ ಕೊಡದೆ, ಕೆರೆಯಲ್ಲಿ ಬಿಟ್ಟು ಬರುತ್ತೇನೆಂದು ತಾನೇ ಎತ್ತಿಕೊಂಡು ಹೋದಳು.

ಇಲ್ಲಿಗೆ ಆ ವರ್ಷ ಮುಗಿಯಿತು. ಆದರೆ ಅದರದ್ದೊಂದು ಬಾಕಿ ಮುಂದಿನ ಪೊಂಗಲಿಗೆ ಉಳಿದಿತ್ತು.

ಆ ನಡುವಿನ ತಿಂಗಳುಗಳಲ್ಲಿ ಒಳಕೋಣೆಗೆ ಹೋದಾಗ ನಾನು ನೆಲ ನೋಡುತ್ತಿರಲಿಲ್ಲ, ಬುಟ್ಟಿಯನ್ನೇ ನೋಡುತ್ತಿದ್ದೆ. ಹೆದರಿಕೆ ಹೋಗಿತ್ತೆಂದಲ್ಲ, ಅದರ ಮುಖ ಬದಲಾಗಿತ್ತು. ಅಲ್ಲಿ ತೂಗುತ್ತಿದ್ದದ್ದು ನನ್ನ ತಲೆ, ನನ್ನ ಭುಜ, ನನ್ನ ಕಾಲಿನುದ್ದ. ಕೆಳಗಿನ ನಾನು ದಿನದಿನಕ್ಕೂ ಅದನ್ನು ಬಿಟ್ಟು ದೂರ ಹೋಗುತ್ತಿದ್ದೆ. ಮುಖ ಉದ್ದವಾಯಿತು, ದವಡೆ ಮೂಡಿತು, ಕಾಲು ಇನ್ನೂ ಓಡುತ್ತಿರುವಾಗಲೇ ಸೊಂಟ, ಭುಜ ಬೆಳೆಯತೊಡಗಿದವು. ಮುಂದಿನ ಪೊಂಗಲಿನ ಹೊತ್ತಿಗೆ ಆ ಬಟ್ಟೆ ಸರಿಹೊಂದುತ್ತಿದ್ದ ಹುಡುಗಿ ಎಲ್ಲಿಯೂ ಇರಲಿಲ್ಲ. ಗೌರಿಯ ಜೊತೆಗೆ ಅವಳೂ ಬುಟ್ಟಿಗೆ ಹೋದಂತಾಗಿತ್ತು.

ಬುಟ್ಟಿ ಇಳಿಯಿತು. ನಾನು ಸಟ್ಟೆ ಹಾಕಿಕೊಂಡೆ, ಕತ್ತು ತಲೆಯಿಂದ ಬಿಗಿಯಾಗಿ ಇಳಿದು ಭುಜದ ಮೇಲೆ ಕೂತಿತು. ಪಾವಾಡೆ ಕಟ್ಟಿಕೊಂಡೆ. ನೆನೆಸಿದ ಹಾಗೆಯೇ ಅದು ಹಿಮ್ಮಡಿಗಿಂತ ಮೇಲೆ ನಿಂತಿತ್ತು. ನನ್ನ ಮೈಗೆಂದು ತೆಗೆದ ಒಂದೇ ಒಂದು ಅಳತೆಯೂ ನನಗೆ ಬರುವಷ್ಟರಲ್ಲಿ ಸಣ್ಣದಾಗಿ ಹೋಯಿತಲ್ಲ. ಗುಲಗಂಜಿಯಷ್ಟು ಸಂತೋಷವೂ ನನ್ನ ಪಾಲಿಗಿಲ್ಲ ಅಂದುಕೊಂಡೆ.

"ಅಲ್ಲೇ ನಿಲ್ಲು" ಎಂದು ಅವ್ವ ನನ್ನ ಕಾಲ ಬಳಿ ಕೂತಳು. ಪಾವಾಡೆಯ ಕೆಳ ಅಂಚನ್ನು ಒಳಮಗ್ಗುಲಿಗೆ ತಿರುಗಿಸಿ ಏನನ್ನೋ ಹುಡುಕಿದಳು. ಅಲ್ಲೊಂದು ದಾರದ ತುದಿ ಇತ್ತು. ಅದನ್ನು ಹಿಡಿದು ಎಳೆದಳು. ಉದ್ದುದ್ದ ಹಾಕಿದ ಸಡಿಲ ಹೊಲಿಗೆ, ಕತ್ತರಿ ಬೇಕಾಗದ ಹೊಲಿಗೆ, ಸುತ್ತಲೂ ಒಂದೊಂದಾಗಿ ಬಿಚ್ಚಿಕೊಂಡು ಬಂತು. ಒಳಗೆ ಮಡಿಸಿಟ್ಟಿದ್ದ ನಾಲ್ಕು ಬೆರಳಗಲದ ಬಟ್ಟೆ ನನ್ನ ಹಿಮ್ಮಡಿಯ ತನಕ ಇಳಿದು ಬಿತ್ತು.

ಅಕ್ಕನ ಯಾವ ಬಟ್ಟೆಗೂ ಅವ್ವ ಅಂಥ ಮಡಿಕೆ ಕೊಟ್ಟಿರಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ. ಅಕ್ಕನಿಗೆ ಪ್ರತಿ ವರ್ಷವೂ ಹೊಸದು ಬರುತ್ತಿತ್ತು. ಒಂದು ವರ್ಷ ಕಳೆದ ಮೇಲೆ ಅದೇ ಬಟ್ಟೆಯನ್ನು ಉಡಬೇಕಾದವಳು, ಅಷ್ಟರಲ್ಲಿ ಬೆಳೆದಿರುವವಳು, ಮನೆಯಲ್ಲಿ ಒಬ್ಬಳೇ.

ಅವ್ವ ತಲೆಯೆತ್ತಲಿಲ್ಲ. ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಸರಿ ಹೋಯ್ತಾ?" ಎಂದು ಮಾತ್ರ ಕೇಳಿದಳು.

"ಹೋಯ್ತವ್ವ" ಅಂದೆ.

ಆ ಪಾವಾಡೆಯನ್ನು ಎಷ್ಟು ಒಗೆದರೂ ಮಡಿಕೆ ಇದ್ದ ಜಾಗದ ಗೆರೆ ಹೋಗಲಿಲ್ಲ. ಗೆರೆಯ ಮೇಲಿನದು ಒಂದು ವರ್ಷ ಅಕ್ಕನದಾಗಿತ್ತು. ಕೆಳಗಿನ ಆ ನಾಲ್ಕು ಬೆರಳು ಮೊದಲಿನಿಂದಲೂ ನನ್ನದು.